ಧನುರ್ಮಾಸದ ಬೆಂಗಳೂರು: ಅವರೆ ಮೊದಲಾ, ಮ್ಯಾಚ್ ಮೊದಲಾ, ಬಿಯರ್ ಮೊದಲಾ?

ಪ್ರತಿ ವರ್ಷ ಡಿಸೆಂಬರ್ ಎರಡನೇ ವಾರಕ್ಕೆ ಅಕ್ಕ, ಭಾವ ಅಮೆರಿಕದಿಂದ ಬರುತ್ತಾರೆ. ಸಂಕ್ರಾಂತಿಗೆ ಎಳ್ಳು ಬೀರಿ ಮುಗಿದ ಮೇಲೆ ವಾಪಸ್. ಲೆಕ್ಕ ಹಾಕಿದರೆ ಸರಿಯಾಗಿ ಒಂದು ಧನುರ್ಮಾಸ. ಅಕ್ಕನಿಗೆ ಬ್ಯಾಂಕು, ದರ್ಜಿ, ನೆಂಟರ ಮನೆ ಅಂತ ನೂರು ಕೆಲಸ. ಭಾವನಿಗೆ ಮೂರೇ ಆಸೆ. ಅವರೆಕಾಯಿ ತಿನ್ನಬೇಕು, ಊರಲ್ಲೇ ಮಾಡಿದ ಬಿಯರ್ ಕುಡಿಯಬೇಕು, ಸ್ಟೇಡಿಯಂನಲ್ಲಿ ಕೂತು ಒಂದು ಮ್ಯಾಚ್ ನೋಡಬೇಕು.

ಒಂದು ಸಲ ಮೂರನ್ನೂ ಒಂದೇ ಭಾನುವಾರ ಮುಗಿಸಲು ಹೋದೆವು. ಮಧ್ಯಾಹ್ನ ಅವರೆಬೇಳೆ ಮೇಳ, ಆಮೇಲೆ ಇಂದಿರಾನಗರದಲ್ಲಿ ಬಿಯರ್, ಸಂಜೆ ಕಂಠೀರವದಲ್ಲಿ ಫುಟ್‌ಬಾಲ್. ಮೇಳದಲ್ಲಿ ರೊಟ್ಟಿಗೆ ನಿಂತದ್ದೇ ಮುಕ್ಕಾಲು ಗಂಟೆ. ಬಿಯರ್ ಅನ್ನು ಗಡಿಯಾರ ನೋಡುತ್ತಾ ಕುಡಿದೆವು. ಸ್ಟೇಡಿಯಂ ಮುಟ್ಟುವ ಹೊತ್ತಿಗೆ ಮೊದಲ ಗೋಲು ಆಗಿಹೋಗಿತ್ತು. ಎರಡನೇ ಅರ್ಧದಲ್ಲಿ ಇಡೀ ಗ್ಯಾಲರಿ ಕುಣಿಯುತ್ತಿದ್ದರೆ ಭಾವ ಕೂತಲ್ಲೇ ತೂಕಡಿಸುತ್ತಿದ್ದರು. ಮನೆಗೆ ಬಂದು, "ಬಾಮೈದ, ಇವತ್ತು ಏನೇನು ಮಾಡಿದೆವು ಅಂತ ನಾಳೆ ಹೇಳು, ಈಗ ನೆನಪಿಲ್ಲ" ಅಂದರು.

ಅಂದಿನಿಂದ ನಾನು ಒಂದು ಕ್ರಮ ಇಟ್ಟುಕೊಂಡಿದ್ದೇನೆ. ಯಾವುದು ನಮಗಾಗಿ ಕಾಯುವುದಿಲ್ಲವೋ ಅದಕ್ಕೆ ಮೊದಲ ಜಾಗ. ಅವರೆಗೆ ಕೆಲವೇ ವಾರಗಳ ಆಯಸ್ಸು. ಪಂದ್ಯಕ್ಕೆ ಒಂದೇ ಸಂಜೆ. ಬಿಯರ್ ಜೂನ್ ತಿಂಗಳಲ್ಲೂ ಅಲ್ಲೇ ಇರುತ್ತದೆ. ಆದರೂ ಈ ಊರಿಗೆ ಚಳಿಗಾಲದಲ್ಲಿ ಬಂದವರು ಹೆಚ್ಚಿನವರು ಉಲ್ಟಾ ಮಾಡುತ್ತಾರೆ. ಮೊದಲ ವಾರ ಪೂರ್ತಿ ಪಬ್ಬು, ಕೊನೆಗೆ ವಿಮಾನ ಹತ್ತುವ ಹಿಂದಿನ ದಿನ "ಅವರೆಕಾಯಿ ಸಿಗುತ್ತಾ?" ಅಂತ ಹುಡುಕಾಟ.

ಸೊಗಡು ಕಾಯುವುದಿಲ್ಲ

ಅವರೆಕಾಯಿ ವರ್ಷವಿಡೀ ಯಾವುದೋ ರೂಪದಲ್ಲಿ ಮಾರುಕಟ್ಟೆಯಲ್ಲಿ ಸಿಗುತ್ತದೆ ನಿಜ. ಆದರೆ ಸೊಗಡು ಇರುವುದು ಚಳಿಗೆ, ಇಬ್ಬನಿಗೆ ಬೆಳೆದ ಕಾಯಲ್ಲಿ ಮಾತ್ರ. ಮಾಗಡಿ, ಕನಕಪುರ, ಕೋಲಾರದ ಕಡೆಯಿಂದ ಮೂಟೆಗಟ್ಟಲೆ ಬರುವಾಗ ಆ ವಾಸನೆ ಬೀದಿ ತುಂಬಾ ಇರುತ್ತದೆ. ಕಾಯಿ ಮುಟ್ಟಿದರೆ ಬೆರಳಿಗೆ ಎಣ್ಣೆಯಂಥ ಅಂಟು ಹತ್ತಬೇಕು. ಬೆರಳು ಮೂಸಿದರೆ ಗೊತ್ತಾಗಬೇಕು. ಅಂಟು ಇಲ್ಲ, ವಾಸನೆ ಇಲ್ಲ ಅಂದರೆ ಕಾಯಿ ಎಷ್ಟೇ ದಪ್ಪಗಿದ್ದರೂ ಮುಂದಿನ ಗಾಡಿಗೆ ಹೋಗಿ. ಹುಳ ಇದ್ದರೆ ಹೆದರಬೇಡಿ. ಹುಳಕ್ಕೂ ಸೊಗಡು ಗೊತ್ತು.

ಈಗ ಪ್ರಶ್ನೆ, ಎಲ್ಲಿ ತಿನ್ನುವುದು? ಮೇಳದಲ್ಲಾ, ಹೋಟೆಲಲ್ಲಾ, ಮನೇಲಾ?

ಮೇಳ ಶುರುವಾದದ್ದು ವಿ.ವಿ. ಪುರಂನ ಸಜ್ಜನ್ ರಾವ್ ವೃತ್ತದ ತಿಂಡಿ ಬೀದಿಯಲ್ಲಿ, ಶ್ರೀ ವಾಸವಿ ಕಾಂಡಿಮೆಂಟ್ಸ್ ಅಂಗಡಿಯವರಿಂದ. ಆ ಕಿರಿದಾದ ಬೀದಿಗೆ ಜನ ತಡೆಯಲಾರದೆ ಈಚಿನ ವರ್ಷಗಳಲ್ಲಿ ಬಸವನಗುಡಿಯ ನ್ಯಾಷನಲ್ ಕಾಲೇಜು ಮೈದಾನಕ್ಕೆ ಬಂದಿದೆ. ಡಿಸೆಂಬರ್ ಕೊನೆ ಅಥವಾ ಜನವರಿ ಮೊದಲಲ್ಲಿ ಕೆಲವು ದಿನ ನಡೆಯುತ್ತದೆ. ದೋಸೆ, ಅಕ್ಕಿ ರೊಟ್ಟಿ, ಉಪ್ಪಿಟ್ಟು, ಪಡ್ಡು, ಹೋಳಿಗೆ, ಜಾಮೂನು, ಜಿಲೇಬಿ, ಎಲ್ಲದರಲ್ಲೂ ಅವರೆಬೇಳೆ. ಜಾಮೂನಿನಲ್ಲಿ ಅವರೆ ಯಾಕೆ ಬೇಕು ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಮೊದಲ ಸಲ ಹೋದವರು ಒಂದು ತಿಂದು ನೋಡಿ, ಮನೆಯಲ್ಲಿ ಹೇಳಿಕೊಳ್ಳಲು ಆಗುತ್ತದೆ. ಎರಡನೇದು ತಿಂದವರನ್ನು ನಾನು ನೋಡಿಲ್ಲ.

ಅಲ್ಲಿ ತಿನ್ನಬೇಕಾದದ್ದು ಅಕ್ಕಿ ರೊಟ್ಟಿ. ದೊಡ್ಡ ಕಾವಲಿಯ ಮೇಲೆ, ಸಬ್ಬಸಿಗೆ ಸೊಪ್ಪು ಹಾಕಿ, ಬಿಸಿಬಿಸಿಯಾಗಿ. ಕಟ್ಟಿಸಿಕೊಂಡು ಬರಬೇಕಾದದ್ದು ಎಣ್ಣೆಯಲ್ಲಿ ಕರಿದು, ಕರಿಬೇವು, ಬೆಳ್ಳುಳ್ಳಿ, ಖಾರ ಹಾಕಿದ ಹಿತಕಬೇಳೆ. ಈ ಪೊಟ್ಟಣ ಜೋಪಾನ, ಮುಂದೆ ಇದರ ಕೆಲಸ ಇದೆ. ಹೋಗುವುದಾದರೆ ವಾರದ ಮಧ್ಯೆ, ಮಧ್ಯಾಹ್ನ ಊಟದ ಹೊತ್ತು ಕಳೆದ ಮೇಲೆ ಹೋಗಿ. ಭಾನುವಾರ ಸಂಜೆ ಅಲ್ಲಿ ನೀವು ನಡೆಯುವುದಿಲ್ಲ, ಜನ ನಿಮ್ಮನ್ನು ನಡೆಸುತ್ತಾರೆ.

ಹೋಟೆಲ್ ಮೇಳಕ್ಕೂ ಮನೆಗೂ ನಡುವೆ. ಚಳಿ ಬಂತು ಅಂದರೆ ದರ್ಶಿನಿಗಳ ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಅವರೆಕಾಳು ಉಪ್ಪಿಟ್ಟು ಅಂತ ಬರೆದಿರುತ್ತಾರೆ. ಬೆಳಿಗ್ಗೆ ಬೇಗ ಹೋದರೆ ಚೆನ್ನಾಗಿರುತ್ತದೆ. ಹತ್ತು ಗಂಟೆ ಮೇಲೆ ಬರೀ ಉಪ್ಪಿಟ್ಟು, ಕಾಳು ಅಲ್ಲೊಂದು ಇಲ್ಲೊಂದು.

ಆದರೆ ಹಿತಕಿದ ಬೇಳೆ ಸಾರು ಮಾತ್ರ ಮನೆಯದೇ. ಇದರಲ್ಲಿ ರಾಜಿ ಇಲ್ಲ. ರಾತ್ರಿ ಕಾಳು ನೆನೆಹಾಕಿ, ಬೆಳಿಗ್ಗೆ ಪೇಪರ್ ಹರಡಿ ಎಲ್ಲರೂ ಸುತ್ತ ಕೂತು ಒಂದೊಂದೇ ಹಿಚುಕಬೇಕು. ಹೆಬ್ಬೆರಳು ಒತ್ತಿದರೆ ಬೇಳೆ ಪುಳಕ್ ಅಂತ ಹಾರಿ ಸೋಫಾ ಕೆಳಗೆ ಹೋಗಬೇಕು. ನಾಲ್ಕು ಜನ ಒಂದು ಗಂಟೆ ಕೂತರೆ ಒಂದು ಹೊತ್ತಿನ ಸಾರಿಗೆ ಆಗುತ್ತದೆ. ಹಿತಕಿದ್ದನ್ನೇ ಪ್ಯಾಕೆಟ್ಟಲ್ಲಿ ಮಾರುತ್ತಾರೆ, ನಾನೂ ತಂದಿದ್ದೇನೆ. ಬೆಲೆ ಜಾಸ್ತಿ, ಸೊಗಡು ಕಮ್ಮಿ. ನೀರಲ್ಲಿ ಇಟ್ಟಷ್ಟೂ ಹೊತ್ತು ವಾಸನೆ ಹೋಗುತ್ತದೆ. ಮುದ್ದೆ, ಈ ಸಾರು, ಮೇಲೆ ಒಂದು ಚಮಚ ತುಪ್ಪ. ಭಾವ ಇದಕ್ಕಾಗಿಯೇ ಟಿಕೆಟ್ ಬುಕ್ ಮಾಡುವುದು ಅಂತ ಅಕ್ಕ ಹೇಳುತ್ತಾಳೆ. ನಮ್ಮಮ್ಮನನ್ನು ನೋಡಲು ಅಂತ ಭಾವ ಹೇಳುತ್ತಾರೆ.

ಕಡಲೆಕಾಯಿ ಪರಿಷೆ ಡಿಸೆಂಬರಿನಲ್ಲಿ ಸಿಗುವುದು ಅದೃಷ್ಟ. ಬಸವನಗುಡಿಯ ದೊಡ್ಡ ಬಸವಣ್ಣನ ಗುಡಿಯ ಮುಂದೆ ಅದು ನಡೆಯುವುದು ಕಾರ್ತಿಕದ ಕೊನೆ ಸೋಮವಾರ. ಸಾಮಾನ್ಯವಾಗಿ ನವೆಂಬರಿನಲ್ಲೇ ಮುಗಿಯುತ್ತದೆ. ಅಧಿಕಮಾಸ ಬಂದ ವರ್ಷ ಮುಂದಕ್ಕೆ ಜಾರುತ್ತದೆ. 2023ರಲ್ಲಿ ಡಿಸೆಂಬರ್ 11ಕ್ಕೆ ಬಿದ್ದಿತ್ತು. ಪರಿಷೆ, ಮೇಳ ಎರಡರಲ್ಲಿ ಒಂದೇ ನೋಡಲು ಆಗುವುದಾದರೆ ಪರಿಷೆಗೆ ಹೋಗಿ ಅನ್ನುತ್ತೇನೆ. ಮೇಳ ತಿನ್ನಲು, ಪರಿಷೆ ಸುಮ್ನೆ ಓಡಾಡಲು. ಹಸಿ ಕಡಲೆಕಾಯಿ ಬೇಯಿಸಿದ ವಾಸನೆ, ಬತ್ತಾಸು, ಪೀಪಿ ಊದುವ ಮಕ್ಕಳು. ಅಲ್ಲಿ ಯಾರೂ ಸಾಲಲ್ಲಿ ನಿಲ್ಲುವುದಿಲ್ಲ.

ಮಾಂಸ ತಿನ್ನುವವರಿಗೆ ಇನ್ನೊಂದು ಆಯ್ಕೆ ಮಿಲಿಟರಿ ಹೋಟೆಲು. ಚಳಿಗೆ ಕಾಲು ಸೂಪು, ನಾಟಿ ಕೋಳಿ ಸಾರು, ಮುದ್ದೆ, ದೊನ್ನೆ ಬಿರಿಯಾನಿ. ಇವು ವರ್ಷವಿಡೀ ಇರುತ್ತವೆ, ಹಾಗಾಗಿ ಆತುರ ಬೇಡ. ಆದರೆ ಮಧ್ಯಾಹ್ನ ಮೂರಕ್ಕೆ ಹೋಗಿ "ಖಾಲಿ ಸಾರ್" ಅನ್ನಿಸಿಕೊಳ್ಳಬೇಡಿ.

ಮ್ಯಾಚ್: ಕಂಠೀರವ, ಕರಾವಳಿ, ಇಲ್ಲಾ ಸೋಫಾ

ಈ ಊರಿನ ಆಟ ಅಂದರೆ ಎಲ್ಲರ ಬಾಯಲ್ಲೂ ಆರ್‌ಸಿಬಿ. ಆದರೆ ಐಪಿಎಲ್ ಬೇಸಿಗೆಯದು. ಚಳಿಗಾಲದಲ್ಲಿ ಸಿಗುವುದು ಬೇರೆ ಅಭಿಮಾನಗಳು. ನನಗೆ ಕೇಳಿದರೆ ಇವೇ ಹೆಚ್ಚು ರುಚಿ.

ಮೊದಲನೆಯದು ಕಂಠೀರವದಲ್ಲಿ ಬೆಂಗಳೂರು ಎಫ್‌ಸಿ. 2013ರಲ್ಲಿ ಶುರುವಾದ ಕ್ಲಬ್ಬು, ಮೊದಲ ವರ್ಷವೇ ಆಗಿನ ದೇಶದ ದೊಡ್ಡ ಲೀಗ್ ಐ-ಲೀಗ್ ಗೆದ್ದಿತು. 2016ರಲ್ಲಿ ಏಷ್ಯಾದ ಕ್ಲಬ್ಬುಗಳ ಎಎಫ್‌ಸಿ ಕಪ್ ಫೈನಲ್ ಮುಟ್ಟಿದ ಮೊದಲ ಭಾರತೀಯ ಕ್ಲಬ್ ಆಯಿತು. 2018–19ರ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಫೈನಲ್‌ನಲ್ಲಿ ಗೋವಾ ವಿರುದ್ಧ ಹೆಚ್ಚುವರಿ ಸಮಯದಲ್ಲಿ ರಾಹುಲ್ ಭೇಕೆ ತಲೆಯಿಂದ ಹೊಡೆದ ಒಂದೇ ಗೋಲು, ಕಪ್ಪು ಮನೆಗೆ. ಆದರೆ ಇದೆಲ್ಲ ಗೊತ್ತಿಲ್ಲದಿದ್ದರೂ ಪರವಾಗಿಲ್ಲ. ಹೋಗಬೇಕಾದದ್ದು ವೆಸ್ಟ್ ಬ್ಲಾಕ್‌ಗಾಗಿ.

ಅಲ್ಲಿ ನಿಲ್ಲುವ ನೀಲಿ ಅಂಗಿಯವರು ವೆಸ್ಟ್ ಬ್ಲಾಕ್ ಬ್ಲೂಸ್. ತೊಂಬತ್ತು ನಿಮಿಷ ನಿಂತೇ ಇರುತ್ತಾರೆ, ಹಾಡುತ್ತಲೇ ಇರುತ್ತಾರೆ. ತಂಡ ಸೋಲುತ್ತಿದ್ದರೆ ಇನ್ನೂ ಜೋರು. ಕಂಠೀರವದಲ್ಲಿ ಮೈದಾನದ ಸುತ್ತ ಓಟದ ಟ್ರ್ಯಾಕ್ ಇರುವುದರಿಂದ ಆಟ ಸ್ವಲ್ಪ ದೂರ ಕಾಣುತ್ತದೆ. ಆಟವನ್ನೇ ಸರಿಯಾಗಿ ನೋಡಬೇಕು ಅನ್ನುವವರಿಗೆ ಬದಿಯ ಎತ್ತರದ ಸೀಟು ಒಳ್ಳೆಯದು. ಗಂಟಲು ಹರಿಯಬೇಕು ಅನ್ನುವವರಿಗೆ ವೆಸ್ಟ್ ಬ್ಲಾಕ್. ಮಕ್ಕಳನ್ನು ಕರೆದುಕೊಂಡು ಹೋದರೆ ಬದಿಯ ಸೀಟೇ ಸರಿ, ಯಾಕೆಂದರೆ ಕೆಲವು ಹಾಡುಗಳ ಅರ್ಥ ಮನೆಗೆ ಬಂದು ಕೇಳುತ್ತಾರೆ.

ಒಂದು ಎಚ್ಚರಿಕೆ. ಪಂದ್ಯದ ಪಟ್ಟಿ ನೋಡದೆ ಪ್ಲಾನ್ ಮಾಡಬೇಡಿ. 2025ರ ಡಿಸೆಂಬರಿನಲ್ಲಿ ಐಎಸ್‌ಎಲ್ ಪಂದ್ಯಗಳೇ ನಡೆಯಲಿಲ್ಲ, ಲೀಗ್ ಶುರುವಾಗುವುದೇ ಫೆಬ್ರವರಿಗೆ ಹೋಯಿತು. ಭಾವ ನೀಲಿ ಸ್ಕಾರ್ಫನ್ನು ಸೂಟ್‌ಕೇಸಿನಿಂದ ತೆಗೆಯಲೇ ಇಲ್ಲ. ಕಬಡ್ಡಿಯದೂ ಇದೇ ಕಥೆ. ಬೆಂಗಳೂರು ಬುಲ್ಸ್ 2019ರ ಜನವರಿ 5ರಂದು ಪ್ರೊ ಕಬಡ್ಡಿ ಗೆದ್ದಾಗ ಅದು ಚಳಿಗಾಲದ ಆಟ ಅನ್ನಿಸಿತ್ತು. ಪವನ್ ಸೆಹ್ರಾವತ್ ಒಬ್ಬನೇ 22 ಪಾಯಿಂಟ್ ತಂದಿದ್ದ. ಈಗ ವೇಳಾಪಟ್ಟಿ ವರ್ಷಕ್ಕೊಂದು ಥರ.

ಎರಡನೆಯದು ಕರ್ನಾಟಕ ತಂಡದ ಕ್ರಿಕೆಟ್. ರಣಜಿ ಅಭಿಮಾನ ಅನ್ನುವುದು ಒಂದು ಸಣ್ಣ ಜಾತಿ, ನಾನು ಆ ಜಾತಿಯವನು. ಎಂಟು ಸಲ ಗೆದ್ದಿದ್ದೇವೆ, ಆದರೆ ನನ್ನ ಮನಸ್ಸಿನಲ್ಲಿ ಇರುವುದು ಸೋತ ಒಂದು ಫೈನಲ್. 2010ರ ಜನವರಿ, ಮೈಸೂರಿನ ಮಾನಸಗಂಗೋತ್ರಿಯ ಮೈದಾನ, ಮುಂಬೈ ಎದುರು. ಗೆಲ್ಲಲು 338 ಬೇಕಿತ್ತು. ಮನೀಶ್ ಪಾಂಡೆ 144 ಹೊಡೆದ. 331ಕ್ಕೆ ಮುಗಿದೆವು. ಮರ ಹತ್ತಿ ನೋಡುತ್ತಿದ್ದವರೂ ಇದ್ದರು ಆ ದಿನ. ಸಂಕ್ರಾಂತಿ ಹಬ್ಬದಲ್ಲಿ ಬೆಲ್ಲದ ಅಚ್ಚು ಕೂಡ ಕಹಿಯಾಗಿತ್ತು.

ಈಗಿನ ವೇಳಾಪಟ್ಟಿಯಲ್ಲಿ ರಣಜಿ ಎರಡು ಭಾಗವಾಗಿ, ನಡುವಿನ ಚಳಿ ತಿಂಗಳು 50 ಓವರುಗಳ ವಿಜಯ್ ಹಜಾರೆ ಟ್ರೋಫಿಗೆ ಸಿಗುತ್ತದೆ. ಕರ್ನಾಟಕ ಅದನ್ನು ಐದು ಸಲ ಗೆದ್ದಿದೆ, ಕೊನೆಯದು 2024–25ರಲ್ಲಿ. ಆದರೆ ನಮ್ಮ ತಂಡದ ಪಂದ್ಯಗಳು ಬಹಳ ಸಲ ಬೇರೆ ರಾಜ್ಯದಲ್ಲಿ ಇರುತ್ತವೆ. ಹಾಗಾಗಿ ಇದು ಮೊಬೈಲಿನಲ್ಲಿ ಸ್ಕೋರು ನೋಡುವ ಅಭಿಮಾನ. ಅವರೆ ಹಿಚುಕುತ್ತಾ ನೋಡಲು ಹೇಳಿ ಮಾಡಿಸಿದ್ದು, ಕೈ ಒರೆಸಿಕೊಳ್ಳಲು ಒಂದು ಬಟ್ಟೆ ಇದ್ದರೆ ಆಯ್ತು.

ಬೆಂಗಳೂರಿನ ಕ್ರಿಕೆಟ್ ಸ್ಟೇಡಿಯಂ ಚಿನ್ನಸ್ವಾಮಿ ಅಂದಾಗ 2025ರ ಜೂನ್ 4 ನೆನಪಾಗದೆ ಇರುವುದಿಲ್ಲ. ಆರ್‌ಸಿಬಿ ಐಪಿಎಲ್ ಕಪ್ ಗೆದ್ದ ಮರುದಿನದ ನೂಕುನುಗ್ಗಲಿನಲ್ಲಿ 11 ಜನ ಪ್ರಾಣ ಕಳೆದುಕೊಂಡರು. ಅದಾದ ಮೇಲೆ ಯಾವ ಸ್ಟೇಡಿಯಂಗೆ ಹೋದರೂ ನಾನು ಒಂದು ಗಂಟೆ ಮೊದಲೇ ಹೋಗುತ್ತೇನೆ, ಮುಗಿದ ಮೇಲೆ ಅರ್ಧ ಗಂಟೆ ಸೀಟಿನಲ್ಲೇ ಕೂರುತ್ತೇನೆ. ಟಿಕೆಟ್ ಇಲ್ಲದೆ ಗೇಟಿನ ಹತ್ತಿರ ಹೋಗುವುದಿಲ್ಲ.

ಮೂರನೆಯದು ಕಂಬಳ, ಎರಡು ದಿನ ಬಿಡುವು ಇದ್ದವರಿಗೆ. ನವೆಂಬರಿನಿಂದ ಬೇಸಿಗೆ ಶುರುವಾಗುವವರೆಗೆ ಕರಾವಳಿಯಲ್ಲಿ ವಾರಾಂತ್ಯಕ್ಕೊಂದು ಕಡೆ ನಡೆಯುತ್ತದೆ. ಮಂಗಳೂರಿನ ಬಂಗ್ರಕೂಳೂರಿನ ರಾಮ-ಲಕ್ಷ್ಮಣ ಜೋಡುಕರೆ (ಎರಡು ಓಟದ ಗದ್ದೆಯ) ಕಂಬಳ ಈಚೆಗೆ ಡಿಸೆಂಬರ್ ಕೊನೆಯ ಹೊತ್ತಿಗೆ ಬರುತ್ತಿದೆ. ಕಂಬಳ ನೋಡುವವರು ತಪ್ಪು ಮಾಡುವುದು ಒಂದೇ ಕಡೆ, ಬೆಳಿಗ್ಗೆ ಹೋಗಿ ಮಧ್ಯಾಹ್ನ ವಾಪಸ್ ಬರುವುದು. ಅದು ರಾತ್ರಿಯ ಆಟ. ದೀಪ ಹತ್ತಿದ ಮೇಲೆ, ಕೆಸರು ನೀರು ದೀಪದ ಬೆಳಕಿನಲ್ಲಿ ಎದ್ದಾಗ, ಹಗ್ಗ ಹಿರಿಯ, ನೇಗಿಲು ಹಿರಿಯ ಅನ್ನುವ ವಿಭಾಗಗಳ ಕೊನೆಯ ಸುತ್ತುಗಳು ಬೆಳಗಿನ ಜಾವ ನಡೆಯುವಾಗ ನೋಡಬೇಕು. ಪಕ್ಕದವರು ಯಾವ ಮನೆತನದ ಕೋಣ, ಯಾರು ಓಡಿಸುವವರು, ಕಳೆದ ವರ್ಷ ಎಷ್ಟು ಸೆಕೆಂಡು, ಎಲ್ಲ ತುಳುವಿನಲ್ಲಿ ಹೇಳುತ್ತಿರುತ್ತಾರೆ. ಅರ್ಧ ಅರ್ಥವಾದರೂ ಸಾಕು. ಸ್ಟೇಡಿಯಂನ ಯಾವ ಫ್ಯಾನ್ ಕ್ಲಬ್ಬೂ ಇಷ್ಟು ಅಂಕಿ ಅಂಶ ನೆನಪಿಟ್ಟುಕೊಂಡದ್ದು ನಾನು ನೋಡಿಲ್ಲ. ಬೆಳಿಗ್ಗೆ ನೀರುದೋಸೆ, ಮಧ್ಯಾಹ್ನ ಕೋರಿ ರೊಟ್ಟಿ, ಸಂಜೆ ಗೋಳಿಬಜೆ. ಕ್ರಾಫ್ಟ್ ಬಿಯರ್ ಯೋಚನೆ ಆ ಎರಡು ದಿನ ಬಿಟ್ಟುಬಿಡಿ.

ಇನ್ನು ಸೋಫಾ. ಇದನ್ನು ಕೀಳಾಗಿ ಕಾಣಬೇಡಿ. ಮೆಲ್ಬರ್ನಿನ ಬಾಕ್ಸಿಂಗ್ ಡೇ (ಡಿಸೆಂಬರ್ 26) ಟೆಸ್ಟ್ ನಮ್ಮಲ್ಲಿ ಬೆಳಿಗ್ಗೆ 5ಕ್ಕೆ ಶುರು. ಧನುರ್ಮಾಸದ ಪೂಜೆಗೆ ಅಮ್ಮ ಏಳುವ ಹೊತ್ತೂ ಅದೇ. ಅಮ್ಮ ದೇವಸ್ಥಾನದಿಂದ ದೊನ್ನೆಯಲ್ಲಿ ಬಿಸಿ ಹುಗ್ಗಿ ತರುವಷ್ಟರಲ್ಲಿ ಮೊದಲ ಗಂಟೆಯ ಆಟ ಮುಗಿದಿರುತ್ತದೆ. ಕೆ.ಎಲ್. ರಾಹುಲ್ 2014ರಲ್ಲಿ, ಮಯಾಂಕ್ ಅಗರ್‌ವಾಲ್ 2018ರಲ್ಲಿ, ನಮ್ಮ ಇಬ್ಬರು ಆಟಗಾರರು ಟೆಸ್ಟ್‌ಗೆ ಕಾಲಿಟ್ಟದ್ದು ಈ ಪಂದ್ಯದಲ್ಲೇ. ರಾಹುಲ್ 3 ಮತ್ತು 1. ಮಯಾಂಕ್ ಮೊದಲ ಇನ್ನಿಂಗ್ಸ್‌ನಲ್ಲೇ 76. ಆ ಬೆಳಿಗ್ಗೆ ಹುಗ್ಗಿಯ ಮೆಣಸು ಕೂಡ ನನಗೆ ಸಿಹಿಯಾಗಿತ್ತು. ಭಾರತ ದಕ್ಷಿಣ ಆಫ್ರಿಕಾಕ್ಕೆ ಹೋದ ವರ್ಷವಾದರೆ ಮಧ್ಯಾಹ್ನ 1:30ಕ್ಕೆ ಶುರುವಾಗುತ್ತದೆ. ಸೆಂಚೂರಿಯನ್‌ನಲ್ಲಿ 2021ರಲ್ಲೂ 2023ರಲ್ಲೂ ರಾಹುಲ್ ಶತಕ ಹೊಡೆದ, ಎರಡೂ ಬಾಕ್ಸಿಂಗ್ ಡೇ ಟೆಸ್ಟ್.

ಬಿಯರ್ ಕೊನೆಗೆ, ಆದರೆ ಸರಿಯಾಗಿ

"ಧನುರ್ಮಾಸದಲ್ಲಿ ಇದೊಂದು ಬೇರೆ" ಅಂತ ಅಮ್ಮ ಗೊಣಗುತ್ತಾರೆ. ಗೊಣಗಲಿ, ಅವರ ಮಾತಿಗೂ ಒಂದು ಜಾಗ ಇರಬೇಕು.

ಬೆಂಗಳೂರಿನಲ್ಲಿ ಬಿಯರ್ ಅಂದರೆ ಬಹಳ ಕಾಲ ಒಂದೇ. ಜಗ್ಗಿನಲ್ಲಿ ಬರುವ ತಣ್ಣನೆ ಲಾಗರ್, ಪಕ್ಕದಲ್ಲಿ ಕಡಲೆಬೀಜ, ಗೋಡೆ ಮೇಲೆ ರಾಕ್ ಬ್ಯಾಂಡಿನ ಪೋಸ್ಟರು. 1989ರಲ್ಲಿ ಶುರುವಾದ ಪೆಕೋಸ್ ಪಬ್ಬಿನಂಥ ಜಾಗಗಳು ಇನ್ನೂ ಹಾಗೇ ಇವೆ. 2010–11ರ ಹೊತ್ತಿಗೆ ಅಲ್ಲೇ ಕುದಿಸಿ, ಅಲ್ಲೇ ಹುದುಗಿಸಿ ಕೊಡುವ ಮೈಕ್ರೋಬ್ರೂವರಿಗಳು ಬಂದವು. ಲ್ಯಾವೆಲ್ ರಸ್ತೆಯ ಬಿಯರ್ ಕ್ಲಬ್, ಇಂದಿರಾನಗರದ ಟಾಯ್ಟ್ ಮೊದಲಿಗರು. 2012ರಲ್ಲಿ ಮ್ಯಾಗ್ರಾತ್ ರಸ್ತೆಗೆ ಆರ್ಬರ್, ವೈಟ್‌ಫೀಲ್ಡಿಗೆ ವಿಂಡ್‌ಮಿಲ್ಸ್. ಈಗ ಎಣಿಸುವುದೇ ಬಿಟ್ಟಿದ್ದೇನೆ.

ಎಲ್ಲಿಗೆ ಹೋಗುವುದು ಅನ್ನುವುದಕ್ಕಿಂತ ಏನು ಕೇಳುವುದು ಅನ್ನುವುದು ಮುಖ್ಯ. ಹೊಸಬರಿಗೆ ಗೋಧಿ ಬಿಯರ್, ಅಂದರೆ ಹೆಫೆವೈಜನ್. ಸೋಸದೆ ಕೊಡುವುದರಿಂದ ಮಬ್ಬಾಗಿರುತ್ತದೆ. ಬಾಳೆಹಣ್ಣು, ಲವಂಗದ ವಾಸನೆ ಬರುತ್ತದೆ, ಆದರೆ ಎರಡನ್ನೂ ಹಾಕಿರುವುದಿಲ್ಲ. ಅದು ಯೀಸ್ಟಿನ ಕೆಲಸ. ಕಹಿ ಕಮ್ಮಿ, ನಮ್ಮ ಖಾರದ ತಿಂಡಿಗೆ ಚೆನ್ನಾಗಿ ಹೊಂದುತ್ತದೆ. ಟಾಯ್ಟ್‌ನ ಬಾಸ್ಮತಿ ಬ್ಲಾಂಡ್‌ನಲ್ಲಿ ಹೆಸರಿಗೆ ತಕ್ಕಂತೆ ಅಕ್ಕಿ ಇದೆ, ಇನ್ನೂ ಹಗುರ.

ಐಪಿಎ, ಅಂದರೆ ಇಂಡಿಯಾ ಪೇಲ್ ಏಲ್, ಬೇರೆ ಲೋಕ. ಬಿಯರಿಗೆ ಕಹಿ ಕೊಡುವ ಹಾಪ್ಸ್ ಹೂವು ಜಾಸ್ತಿ, ಕಹಿ ಜಾಸ್ತಿ, ಆಲ್ಕೋಹಾಲೂ ಸಾಮಾನ್ಯವಾಗಿ ಸ್ವಲ್ಪ ಜಾಸ್ತಿ. ಆರ್ಬರ್‌ನ ರೇಜಿಂಗ್ ಎಲಿಫೆಂಟ್ ಕುಡಿದು ಈ ಕಹಿಯ ಹುಚ್ಚು ಹಿಡಿಸಿಕೊಂಡವರು ನನ್ನ ಗೆಳೆಯರಲ್ಲೇ ಮೂವರಿದ್ದಾರೆ. ಆದರೆ ಇದನ್ನು ಗುಂಟೂರು ಖಾರದ ತಿಂಡಿ ಜೊತೆ ಕುಡಿಯಬೇಡಿ. ಕಹಿ ಖಾರವನ್ನು ಇನ್ನಷ್ಟು ಎಬ್ಬಿಸುತ್ತದೆ, ಕಣ್ಣಲ್ಲಿ ನೀರು ಬರುತ್ತದೆ. ಉಪ್ಪು, ಎಣ್ಣೆ ಇರುವ ಕುರುಕಲು ತಿಂಡಿ ಸಾಕು. ಸ್ಟೌಟ್ ಅಂದರೆ ಕಪ್ಪು ಬಿಯರ್. ಸುಟ್ಟ ಮಾಲ್ಟಿನಿಂದ ಕಾಫಿಯ ರುಚಿ. ಬೆಂಗಳೂರಿನಲ್ಲಿ ಇದು ಕುಡಿಯುವ ಚಳಿ ಇರುವುದೇ ಈ ತಿಂಗಳು, ರಾತ್ರಿ 15 ಡಿಗ್ರಿ ಆಸುಪಾಸಿಗೆ ಇಳಿದಾಗ. ಕ್ರಿಸ್‌ಮಸ್‌ನ ಪ್ಲಮ್ ಕೇಕ್ ಜೊತೆ ಒಮ್ಮೆ ಕುಡಿದು ನೋಡಿ. ಭಾವ ನಕ್ಕರು, ಆಮೇಲೆ ಎರಡನೇ ತುಂಡು ಕೇಳಿದರು.

ಗೊಂದಲ ಇದ್ದರೆ ಸಣ್ಣ ಲೋಟಗಳ ಸ್ಯಾಂಪ್ಲರ್ ತರಿಸಿ. ತಿಳಿ ಬಣ್ಣದಿಂದ ಶುರು ಮಾಡಿ ಕಪ್ಪಿಗೆ ಹೋಗಿ. ಉಲ್ಟಾ ಹೋದರೆ ಗೋಧಿ ಬಿಯರ್ ನೀರಿನಂತೆ ಅನ್ನಿಸುತ್ತದೆ.

ಮ್ಯಾಚನ್ನು ಬ್ರೂವರಿಯ ಪರದೆ ಮೇಲೆ ನೋಡುವ ಆಸೆ ಇದ್ದರೆ ಮೊದಲೇ ಫೋನ್ ಮಾಡಿ ಎರಡು ಪ್ರಶ್ನೆ ಕೇಳಿ. ಈ ಪಂದ್ಯ ಹಾಕುತ್ತೀರಾ? ಕಾಮೆಂಟರಿ ಕೇಳಿಸುತ್ತಾ? ಎರಡನೆಯದನ್ನು ಕೇಳದೆ ಹೋಗಿ ನಾನು ಕೆಟ್ಟಿದ್ದೇನೆ. ಹೆಸರು ಬೇಡ, ಒಂದು ಜಾಗದಲ್ಲಿ ದೊಡ್ಡ ಪರದೆ ಮೇಲೆ ಫುಟ್‌ಬಾಲ್, ಸ್ಪೀಕರಿನಲ್ಲಿ ಮದುವೆ ಸಂಗೀತ್‌ನ ಹಾಡುಗಳು. ಪೆನಾಲ್ಟಿ ಕೊಟ್ಟದ್ದು ಯಾಕೆ ಅಂತ ಮನೆಗೆ ಬಂದು ಓದಿ ತಿಳಿದುಕೊಂಡೆ.

ಇಂಗ್ಲಿಷ್ ಪ್ರೀಮಿಯರ್ ಲೀಗ್ ನೋಡುವವರಿಗೆ ಚಳಿಗಾಲದ ಶನಿವಾರ ನಮ್ಮ ಗಂಟೆ 6, 8:30, 11ಕ್ಕೆ ಪಂದ್ಯ ಇರುತ್ತವೆ. ನನ್ನ ಆಯ್ಕೆ ಕಣ್ಣುಮುಚ್ಚಿ 8:30ರದ್ದು. ಆರು ಗಂಟೆಯದಕ್ಕೆ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಳ್ಳುತ್ತೀರಿ. ಹನ್ನೊಂದರದು ಮುಗಿಯುವುದು, ಪಬ್ ಬಾಗಿಲು ಹಾಕುವುದು ಎರಡೂ ರಾತ್ರಿ ಒಂದಕ್ಕೆ. ಬಿಲ್ಲು ತರುವವನು ಕೊನೇ ಐದು ನಿಮಿಷದಲ್ಲಿ ಪರದೆಗೆ ಅಡ್ಡ ನಿಂತಿರುತ್ತಾನೆ. 21 ತುಂಬಿದ ಗುರುತಿನ ಚೀಟಿ ಬಾಗಿಲಲ್ಲಿ ಕೇಳುತ್ತಾರೆ, ಎಳೆ ಮುಖದವರು ಇಟ್ಟುಕೊಂಡಿರಿ. ಡಿಸೆಂಬರ್ 31ರ ರಾತ್ರಿ ದಯವಿಟ್ಟು ಯಾವ ಬ್ರೂವರಿಗೂ ಹೋಗಬೇಡಿ. ಅವತ್ತು ಬಿಯರ್ ರುಚಿ ನೋಡುವವರು ಯಾರೂ ಇರುವುದಿಲ್ಲ.

ದುಡ್ಡಿನ ಮಾತು ಒಂದೇ ಸಾಲಿನಲ್ಲಿ ಹೇಳುತ್ತೇನೆ. ಇಬ್ಬರು ಬ್ರೂವರಿಯಲ್ಲಿ ಎರಡೆರಡು ಮಗ್ ಕುಡಿಯುವ ದುಡ್ಡಿಗೆ ಇಡೀ ಮನೆಯವರು ಮೇಳದಲ್ಲಿ ಹೊಟ್ಟೆ ಬಿರಿಯ ತಿಂದು, ಪೊಟ್ಟಣವನ್ನೂ ಕಟ್ಟಿಸಿಕೊಂಡು ಬರಬಹುದು.

ಯಾರಿಗೆ ಯಾವ ಜೋಡಿ

ಎರಡನ್ನು ಒಂದು ದಿನಕ್ಕೆ ಸೇರಿಸಬಹುದು. ಮೂರು ಬೇಡ, ನಮ್ಮ ಭಾನುವಾರ ನೆನಪಿರಲಿ. ಕಾರು ಮಾತ್ರ ಮನೆಯಲ್ಲೇ ಬಿಡಿ. ಮೇಳದ ಮೈದಾನದ ಪಕ್ಕದಲ್ಲೇ ಹಸಿರು ಮಾರ್ಗದ ನ್ಯಾಷನಲ್ ಕಾಲೇಜ್ ನಿಲ್ದಾಣ ಇದೆ. ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಿಸಿದರೆ ಕಂಠೀರವಕ್ಕೆ ಕಬ್ಬನ್ ಪಾರ್ಕ್‌ನಲ್ಲಿ ಇಳಿದು ಸ್ವಲ್ಪ ನಡೆಯಬೇಕು. ಹಾಗೇ ಮುಂದೆ ಹೋದರೆ ಇಂದಿರಾನಗರ. ಬಿಯರ್ ಕುಡಿದವರು ಸ್ಟೀರಿಂಗ್ ಮುಟ್ಟುವ ಪ್ರಶ್ನೆಯೇ ಬರುವುದಿಲ್ಲ. ಕೊನೆಯ ರೈಲು ರಾತ್ರಿ 11ರ ಆಸುಪಾಸು ಅನ್ನುವುದೊಂದು ನೆನಪಿರಬೇಕು.

ಅಪ್ಪ, ಅಮ್ಮ, ಮಕ್ಕಳು ಜೊತೆಗಿದ್ದರೆ ಮೇಳ, ಆಮೇಲೆ ಫುಟ್‌ಬಾಲ್. ಹೊಟ್ಟೆ ತುಂಬಿರುತ್ತದೆ, ಗ್ಯಾಲರಿಯಲ್ಲಿ ಹೇಗೂ ಬಿಯರ್ ಮಾರುವುದಿಲ್ಲ, ಯಾರಿಗೂ ಮುಜುಗರ ಇಲ್ಲ. ಗೆಳೆಯರ ಗುಂಪಾದರೆ ಮಧ್ಯಾಹ್ನ ಮಿಲಿಟರಿ ಹೋಟೆಲಿನಲ್ಲಿ ಊಟ, ಒಂದು ನಿದ್ದೆ, ರಾತ್ರಿ 8:30ರ ಪಂದ್ಯಕ್ಕೆ ಬ್ರೂವರಿ. ಆ ನಿದ್ದೆ ಬಿಡಬೇಡಿ. ಸ್ಟೇಡಿಯಂ ಮತ್ತು ಬಿಯರ್ ಒಂದೇ ದಿನ ಬೇಕೇಬೇಕು ಅನ್ನುವವರು ಪಂದ್ಯ ಮುಗಿಸಿ ಆಮೇಲೆ ಕುಡಿಯಿರಿ. ಮೊದಲು ಕುಡಿದರೆ ಭಾವನ ಹಾಗೆ ಆಗುತ್ತೀರಿ.

ಅವರೆಯೂ ಬಿಯರೂ ಒಟ್ಟಿಗೆ ಬೇಕು ಅನ್ನುವವರಿಗೆ ಮಾತ್ರ ಹೊರಗೆ ಎಲ್ಲೂ ಸರಿಯಾದ ಜಾಗ ಇಲ್ಲ. ಮೇಳದಲ್ಲಿ ಬಿಯರ್ ಇಲ್ಲ, ಬ್ರೂವರಿಯೊಳಗೆ ಹೊರಗಿನ ತಿಂಡಿ ಬಿಡುವುದಿಲ್ಲ. ಕೆಲವು ಅಡುಗೆಮನೆಗಳು ಚಳಿಗಾಲದಲ್ಲಿ ಅವರೆ ಹಾಕಿ ಏನೇನೋ ಮಾಡುತ್ತವೆ. ಚೀಸ್ ಕೆಳಗೆ ಸೊಗಡು ಹುಡುಕಿ ನನಗೆ ಸಾಕಾಗಿದೆ. ಹಾಗಾಗಿ ಅಂಗಡಿಯಿಂದ ನಾಲ್ಕು ಗೋಧಿ ಬಿಯರ್ ಬಾಟಲಿ ತಂದು ಫ್ರಿಜ್ಜಿನಲ್ಲಿ ಇಡುತ್ತೇನೆ. ಅಲ್ಲೇ ಹುದುಗಿಸಿದ ಬಿಯರಿನಷ್ಟು ತಾಜಾ ಅಲ್ಲ, ಒಪ್ಪುತ್ತೇನೆ. ಆದರೆ ಟೆರೇಸಿನಲ್ಲಿ ಚಳಿ, ಮಡಿಲಲ್ಲಿ ಮೇಳದಿಂದ ತಂದ ಕರಿದ ಹಿತಕಬೇಳೆಯ ಪೊಟ್ಟಣ, ಎದುರಿಗೆ ಲ್ಯಾಪ್‌ಟಾಪಿನಲ್ಲಿ ಕರ್ನಾಟಕದ ಇನ್ನಿಂಗ್ಸ್‌ನ ಹೈಲೈಟ್ಸ್. ಕಳೆದ ವರ್ಷ ಹೀಗೇ ಕೂತಿದ್ದಾಗ ಅಮ್ಮ ಮೇಲೆ ಬಂದರು. ಬಾಟಲಿ ನೋಡದವರಂತೆ ನೋಡಿದರು. ಪೊಟ್ಟಣಕ್ಕೆ ಕೈ ಹಾಕಿ ಒಂದು ಮುಷ್ಟಿ ತಿಂದು, "ಬೆಳ್ಳುಳ್ಳಿ ಕಮ್ಮಿ ಹಾಕಿದ್ದಾರೆ" ಅಂದು, ಸ್ಕೋರು ಎಷ್ಟು ಅಂತ ಕೇಳಿ ಭಾವನ ಪಕ್ಕದ ಕುರ್ಚಿ ಎಳೆದುಕೊಂಡರು.